ಆರು ಜನಕ್ಕೆ ಒಂದು ಆರ್‌ವಿ: ಮುಂಗಡ ಕಟ್ಟುವ ಮುಂಚಿನ ಒಂದು ಪ್ರಕರಣ

ಕುಟುಂಬದಲ್ಲಿ ಆರು ಜನ. ಗಂಡ, ಹೆಂಡತಿ, ಹನ್ನೆರಡು ವರ್ಷದ ಮಗಳು, ಆರು ವರ್ಷದ ಮಗ, ಜೊತೆಗೆ ಗಂಡನ ಅಪ್ಪ-ಅಮ್ಮ. ಹತ್ತು ದಿನದ ರಜೆ. ಹೋಟೆಲಿನಿಂದ ಹೋಟೆಲಿಗೆ ಪೆಟ್ಟಿಗೆ ಹೊರುವುದು ಬೇಡ, ಒಂದು ಆರ್‌ವಿ, ಅಂದರೆ ಒಳಗೇ ಹಾಸಿಗೆ, ಒಲೆ, ಟಾಯ್ಲೆಟ್ ಇರುವ ಮನೆಯಂಥ ಗಾಡಿ, ಬಾಡಿಗೆಗೆ ತಗೊಂಡು ಅದರಲ್ಲೇ ಇರೋಣ ಅನ್ನುವುದು ಗಂಡನ ಆಸೆ. ದಾರಿಯಲ್ಲಿ ಏಳು ಕಡೆ ತಂಗುವುದು, ಮುಖ್ಯ ತಾಣ ಅಮೆರಿಕದ ಮೊಂಟಾನಾದಲ್ಲಿರುವ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನ. ಆರಿಸಿಕೊಂಡಿದ್ದು 31 ಅಡಿ ಉದ್ದದ ಗಾಡಿ. ಜಾಹೀರಾತಿನಲ್ಲಿ ದಪ್ಪ ಅಕ್ಷರದಲ್ಲಿ ಹೀಗಿತ್ತು: ಎಂಟು ಜನ ಮಲಗಬಹುದು.

ಮುಂಗಡ ಕಟ್ಟುವ ಮುಂಚೆ ಅವರು ಕರಾರನ್ನು ನನಗೆ ಕಳಿಸಿದರು. ಬಾಡಿಗೆ ಕರಾರಿನ ಸಣ್ಣ ಅಕ್ಷರ ಓದುವ ಚಟ ನನಗಿದೆ ಅಂತ ಅವರಿಗೆ ಗೊತ್ತು. ಗಾಡಿಯಲ್ಲಿ ತಪ್ಪು ಹುಡುಕುವಂಥದ್ದು ಏನೂ ಇರಲಿಲ್ಲ. ಆದರೆ ಆ ಗಾಡಿಗೂ ಇವರ ಪ್ರವಾಸಕ್ಕೂ ತಾಳಮೇಳ ಇರಲಿಲ್ಲ. ಗಾಡಿಯ ಫೋಟೋ ಎಷ್ಟು ನೋಡಿದರೂ ಇದು ಗೊತ್ತಾಗುವುದಿಲ್ಲ. ಒಂದು ಹಾಳೆ ತಗೊಂಡು, ಯಾವ ರಾತ್ರಿ ಎಲ್ಲಿ ನಿಲ್ಲಿಸುತ್ತೀರಿ, ಅಲ್ಲಿ ಕರೆಂಟ್ ಇದೆಯಾ, ನೀರು ಇದೆಯಾ, ಮರುದಿನ ಎಷ್ಟು ದೂರ, ಯಾವ ರಸ್ತೆ ಅಂತ ಬರೆಯಲು ಹೇಳಿದೆ. ಗಾಡಿ ಆಮೇಲೆ ನೋಡೋಣ ಅಂದೆ. ಮುಂದೆ ಆದ ಬದಲಾವಣೆಗಳೆಲ್ಲ ಶುರುವಾಗಿದ್ದು ಆ ಹಾಳೆಯಿಂದಲೇ.

ಗಾಡಿಯ ಜಾತಿಗಳ ಬಗ್ಗೆ ಎರಡು ಮಾತು ಸಾಕು. ಉತ್ತರ ಅಮೆರಿಕದಲ್ಲಿ ಕ್ಲಾಸ್ ಎ ಅಂದರೆ ಬಸ್ಸಿನ ಗಾತ್ರದ್ದು. ಕ್ಲಾಸ್ ಬಿ ಅಂದರೆ ಮರ್ಸಿಡಿಸ್ ಸ್ಪ್ರಿಂಟರ್, ಫೋರ್ಡ್ ಟ್ರಾನ್ಸಿಟ್, ರಾಮ್ ಪ್ರೊಮಾಸ್ಟರ್‌ನಂಥ ವ್ಯಾನಿನ ಒಳಗೇ ಹಾಸಿಗೆ, ಒಲೆ ಕೂರಿಸಿದ್ದು. ಇಬ್ಬರಿಗೆ ಆರಾಮ, ನಾಲ್ವರಿಗೆ ಕಷ್ಟ. ಕ್ಲಾಸ್ ಸಿ ಇವೆರಡರ ನಡುವಿನದು: ಮುಂದೆ ವ್ಯಾನಿನ ಮೂತಿ, ಹಿಂದೆ ಚೌಕಾಕಾರದ ಮನೆ, ಡ್ರೈವರ್ ತಲೆಯ ಮೇಲಕ್ಕೆ ಚಾಚಿಕೊಂಡ ಒಂದು ಅಟ್ಟದ ಹಾಸಿಗೆ. ಕುಟುಂಬಗಳಿಗೆ ಬಾಡಿಗೆಗೆ ಹೆಚ್ಚಾಗಿ ಸಿಗುವುದು ಇದೇ, ಇವರು ಹಿಡಿದಿದ್ದೂ ಇದನ್ನೇ. ಕಾರಿಗೆ ಕಟ್ಟಿ ಎಳೆಯುವ ಟ್ರೇಲರ್ ಕೂಡ ಇದೆ. ಆದರೆ ಎಳೆಯುವ ತಾಕತ್ತಿನ ಗಾಡಿ ಇವರ ಹತ್ತಿರ ಇಲ್ಲ, ಹಾಗಾಗಿ ಆ ಮಾತು ಅಲ್ಲಿಗೇ ಮುಗಿಯಿತು.

ಮಲಗುವ ಜಾಗ ಬೇರೆ, ಕೂರುವ ಜಾಗ ಬೇರೆ

ನಾನು ಕೇಳಿದ ಮೊದಲ ಪ್ರಶ್ನೆ: ಸೀಟ್ ಬೆಲ್ಟ್ ಎಷ್ಟಿವೆ?

ಗಂಡ ಫೋನ್ ಮಾಡಿ ವಿಚಾರಿಸಿದರು. ಆರು ಬೆಲ್ಟ್ ಇವೆ ಅಂತ ಉತ್ತರ ಬಂತು. ಆರು ಜನ, ಆರು ಬೆಲ್ಟ್, ಸರಿ ಹೋಯ್ತಲ್ವಾ ಅಂದರು. ಸರಿ ಹೋಗಲಿಲ್ಲ. ಎರಡು ಬೆಲ್ಟ್ ಮುಂದಿನ ಸೀಟಿನವು. ಉಳಿದ ನಾಲ್ಕು, ಊಟದ ಮೇಜಿನ ಎರಡೂ ಕಡೆಯ ಬೆಂಚಿನವು. ಅದರಲ್ಲಿ ಎರಡು ಮುಂದಕ್ಕೆ ಮುಖ ಮಾಡಿವೆ, ಎರಡು ಹಿಂದಕ್ಕೆ. ನಾಲ್ಕೂ ಸೊಂಟಕ್ಕೆ ಮಾತ್ರ ಬರುವ ಬೆಲ್ಟ್, ಭುಜದ ಪಟ್ಟಿ ಇಲ್ಲ.

ಆರು ವರ್ಷದ ಹುಡುಗ ಬೂಸ್ಟರ್ ಸೀಟಿನಲ್ಲಿ, ಅಂದರೆ ಬೆಲ್ಟ್ ಸರಿಯಾಗಿ ಹಿಡಿಯಲಿ ಅಂತ ಮಕ್ಕಳನ್ನು ಎತ್ತರಿಸುವ ಸೀಟಿನಲ್ಲಿ, ಕೂರುವವನು. ಬೂಸ್ಟರ್‌ಗೆ ಸೊಂಟ-ಭುಜ ಎರಡೂ ಹಿಡಿಯುವ ಬೆಲ್ಟೇ ಬೇಕು. ಬರೀ ಸೊಂಟದ ಬೆಲ್ಟಿನಲ್ಲಿ ಬೂಸ್ಟರ್ ಬಳಸುವಂತಿಲ್ಲ. ಮಕ್ಕಳ ಸೀಟುಗಳನ್ನು ಹಿಂದಕ್ಕೆ ಮುಖ ಮಾಡಿದ ಅಥವಾ ಪಕ್ಕಕ್ಕೆ ತಿರುಗಿದ ಬೆಂಚಿಗೆ ಕಟ್ಟುವುದೂ ಸಲ್ಲ. ಈ ಗಾಡಿಯಲ್ಲಿ ಭುಜದ ಬೆಲ್ಟ್ ಇರುವುದು ಡ್ರೈವರ್‌ಗೆ ಮತ್ತು ಪಕ್ಕದವರಿಗೆ ಮಾತ್ರ. ಅಲ್ಲಿ ಏರ್‌ಬ್ಯಾಗ್ ಮುಂದೆ ಚಿಕ್ಕ ಹುಡುಗನನ್ನು ಕೂರಿಸುವುದು ಬೇಡ. ಅಂದರೆ ಎಂಟು ಜನ ಮಲಗಬಹುದಾದ ಗಾಡಿಯಲ್ಲಿ ಈ ಒಬ್ಬ ಹುಡುಗನಿಗೆ ಸರಿಯಾಗಿ ಕೂರಲು ಒಂದೂ ಜಾಗವಿಲ್ಲ.

ಓಡುವಾಗ ಹಿಂದೆ ಹಾಸಿಗೆಯಲ್ಲಿ ಮಲಗಬಹುದು, ಎದ್ದು ಟಾಯ್ಲೆಟ್‌ಗೆ ಹೋಗಬಹುದು, ಒಂದು ಲೋಟ ಕಾಫಿ ಮಾಡಬಹುದು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಇವರೂ ಅಂದುಕೊಂಡಿದ್ದರು. ಚಿತ್ರಗಳಲ್ಲಿ ಹಾಗೇ ತೋರಿಸುತ್ತಾರೆ. ಜೋರಾಗಿ ಬ್ರೇಕ್ ಹಾಕಿದರೆ ನಿಂತವರು ಗಾಡಿಯ ವೇಗದಲ್ಲೇ ಮುಂದಕ್ಕೆ ಹಾರುತ್ತಾರೆ. ಒಲೆಯ ಮೇಲಿನ ಪಾತ್ರೆ ಕೂಡ. ಗಾಡಿ ಹೊರಟಿತೆಂದರೆ ಎಲ್ಲರೂ ಬೆಲ್ಟ್ ಕಟ್ಟಿ ಕೂರಬೇಕು, ಕಪಾಟಿನ ಬಾಗಿಲುಗಳ ಚಿಲಕ ಹಾಕಿರಬೇಕು.

ಮಲಗುವ ಲೆಕ್ಕವನ್ನೂ ಬಿಡಿಸಿ ನೋಡಿದೆವು. ಜಾಹೀರಾತಿನ ಎಂಟರಲ್ಲಿ ಇಬ್ಬರು ಅಟ್ಟದ ಮೇಲೆ, ಏಣಿ ಹತ್ತಬೇಕು. ಇಬ್ಬರು ಹಿಂದಿನ ಕೋಣೆಯಲ್ಲಿ. ಇಬ್ಬರು ಸೋಫಾ ಬಿಚ್ಚಿದರೆ, ಇನ್ನಿಬ್ಬರು ಊಟದ ಮೇಜು ಇಳಿಸಿ ಅದರ ಮೇಲೆ ಮೆತ್ತೆ ಹಾಸಿದರೆ. ಆ ಮೆತ್ತೆಯ ಉದ್ದ ಮಕ್ಕಳಿಗೆ ಸರಿ, ದೊಡ್ಡವರ ಕಾಲು ಹೊರಗೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಇಲ್ಲಿ ಗಾದೆಯಲ್ಲ, ನಿಜವಾದ ಅಳತೆ. ಟೇಪ್ ಹಿಡಿದು ಅಳೆದೇ ನೋಡಬೇಕು.

ರಸ್ತೆ ಒಪ್ಪಬೇಕಲ್ಲ

ಹಾಳೆಯಲ್ಲಿ ಆರನೆಯ ದಿನದ ಮುಂದೆ ಹೀಗೆ ಬರೆದಿದ್ದರು: ಗೋಯಿಂಗ್-ಟು-ದ-ಸನ್ ರಸ್ತೆ, ಆ ಕಡೆಯಿಂದ ಈ ಕಡೆಗೆ.

ಗ್ಲೇಸಿಯರ್ ಉದ್ಯಾನವನ್ನು ಅಡ್ಡ ಸೀಳಿಕೊಂಡು ಹೋಗುವ ಸುಮಾರು 80 ಕಿಲೋಮೀಟರ್ ರಸ್ತೆ ಅದು. 1933ರಲ್ಲಿ ಅಧಿಕೃತವಾಗಿ ತೆರೆದದ್ದು. ನಡುವೆ ಲೋಗನ್ ಪಾಸ್, 2,000 ಮೀಟರಿಗೂ ಸ್ವಲ್ಪ ಮೇಲೆ. ಒಂದು ಕಡೆ ಪ್ರಪಾತ, ಇನ್ನೊಂದು ಕಡೆ ರಸ್ತೆಯ ಮೇಲಕ್ಕೇ ಬಾಗಿಕೊಂಡ ಬಂಡೆ. ಪ್ರವಾಸಕ್ಕೆ ಹೊರಡುವ ಆಸೆ ಹುಟ್ಟಿದ್ದೇ ಈ ರಸ್ತೆಯ ಫೋಟೋ ನೋಡಿ. ಆದರೆ ಅವಲಾಂಚ್ ಕ್ಯಾಂಪ್‌ಗ್ರೌಂಡಿನಿಂದ (ಗಾಡಿ ನಿಲ್ಲಿಸಿ ರಾತ್ರಿ ತಂಗುವ ಜಾಗ) ರೈಸಿಂಗ್ ಸನ್ ಅನ್ನುವ ಜಾಗದ ತನಕದ ಭಾಗದಲ್ಲಿ 21 ಅಡಿಗಿಂತ ಉದ್ದದ, 8 ಅಡಿಗಿಂತ ಅಗಲದ ಗಾಡಿಗಳನ್ನು ಬಿಡುವುದಿಲ್ಲ. ಉದ್ದ ಅಂದಾಗ ಬಂಪರ್ ಸೇರಿ, ಅಗಲ ಅಂದಾಗ ಕನ್ನಡಿ ಸೇರಿ. ಎತ್ತರ 10 ಅಡಿ ದಾಟಿದರೂ ಬಂಡೆಗೆ ತಾಗುವ ಭಯ.

ಇವರ ಗಾಡಿ ಉದ್ದ 31 ಅಡಿ. ಮೇಲಿನ ಏಸಿ ಸೇರಿಸಿ ಎತ್ತರ 11 ಅಡಿ ಚಿಲ್ಲರೆ. ಯಾವ ಆಸೆಗೆ ಗಾಡಿ ಹಿಡಿಯಲು ಹೊರಟಿದ್ದರೋ ಆ ರಸ್ತೆಗೇ ಆ ಗಾಡಿ ಹೋಗುವ ಹಾಗಿಲ್ಲ.

ಎತ್ತರದ ಬಗ್ಗೆ ಇನ್ನೊಂದು ಮಾತು. ಕಾರು ಓಡಿಸುವವರಿಗೆ ತಲೆ ಮೇಲೆ ಏನಿದೆ ಅಂತ ನೋಡುವ ಅಭ್ಯಾಸವೇ ಇರುವುದಿಲ್ಲ. ಉತ್ತರ ಕೆರೊಲಿನಾದ ಡರ್ಹಮ್‌ನಲ್ಲಿ 11 ಅಡಿ 8 ಅಂಗುಲ ಎತ್ತರದ ಒಂದು ರೈಲ್ವೆ ಸೇತುವೆ ಇತ್ತು. ಎಚ್ಚರಿಕೆ ಫಲಕ, ಮಿನುಗುವ ದೀಪ ಎಲ್ಲ ಇದ್ದರೂ ಬಾಡಿಗೆ ಲಾರಿ, ಆರ್‌ವಿಗಳು ಬಂದು ತಲೆ ಹೊಡೆದುಕೊಂಡು ಅದು ಜಗತ್ಪ್ರಸಿದ್ಧವಾಯಿತು. 2019ರಲ್ಲಿ ಅದನ್ನು 12 ಅಡಿ 4 ಅಂಗುಲಕ್ಕೆ ಎತ್ತರಿಸಿದರು. ಅದಾದ ಮೇಲೂ ಗಾಡಿಗಳು ತಾಗುವುದು ನಿಂತಿಲ್ಲ. ಗಾಡಿಯ ಎತ್ತರವನ್ನು ಅಡಿಯಲ್ಲೂ ಮೀಟರಿನಲ್ಲೂ ಬರೆದು ಸ್ಟೀರಿಂಗ್ ಪಕ್ಕ ಅಂಟಿಸಿಕೊಳ್ಳಿ ಅಂದೆ. ಫೋನಿನ ಮಾಮೂಲಿ ಮ್ಯಾಪ್ ಕಾರಿನ ದಾರಿ ತೋರಿಸುತ್ತದೆ, ಸೇತುವೆ ಲೆಕ್ಕ ಇಡುವುದಿಲ್ಲ. ದೊಡ್ಡ ಗಾಡಿಯ ಅಳತೆ ಹಾಕಿಕೊಳ್ಳುವ ಆ್ಯಪ್ ಬೇರೆಯೇ ಇರುತ್ತದೆ.

ಓಡಿಸುವವರು ಯಾರು ಅನ್ನುವುದು ನಂತರದ ಪ್ರಶ್ನೆ. ಇಂಥ ಕ್ಲಾಸ್ ಸಿ ಬಹಳಷ್ಟು ಫೋರ್ಡ್ ಇ-450 ಚಾಸಿ ಮೇಲೆ ಕಟ್ಟಿದವು. ತುಂಬಿದಾಗ 6,500 ಕಿಲೋ ತನಕ ತೂಗಬಹುದು. ಅಮೆರಿಕದಲ್ಲಿ ಇದಕ್ಕೂ ಕಾರಿನ ಲೈಸೆನ್ಸ್ ನಡೆಯುತ್ತದೆ. ಎಲ್ಲಾ ಕಡೆ ಹಾಗಲ್ಲ. ಯುರೋಪಿನ ಬಾಡಿಗೆ ಕ್ಯಾಂಪರ್‌ಗಳು ಹೆಚ್ಚಾಗಿ 3,500 ಕಿಲೋ ಒಳಗೇ ಇರುವುದಕ್ಕೆ ಅಲ್ಲಿನ ಕಾರಿನ ಬಿ ಲೈಸೆನ್ಸ್ ಕಾರಣ.

ಲೈಸೆನ್ಸ್ ಇದ್ದ ಮಾತ್ರಕ್ಕೆ ಕೈ ಪಳಗಿರುವುದಿಲ್ಲ. ಈ ಗಾಡಿಗಳ ಹಿಂದಿನ ಚಕ್ರದಿಂದಾಚೆ ಎರಡು ಮೂರು ಮೀಟರ್ ಬಾಲ ಚಾಚಿಕೊಂಡಿರುತ್ತದೆ. ಸ್ಟೀರಿಂಗ್ ಬಲಕ್ಕೆ ತಿರುಗಿಸಿದರೆ ಮೂತಿ ಬಲಕ್ಕೆ ಹೋಗುತ್ತದೆ, ಬಾಲ ಎಡಕ್ಕೆ ಬೀಸುತ್ತದೆ. ಪೆಟ್ರೋಲ್ ಬಂಕಿನಲ್ಲಿ ತುಂಬಿಸಿಕೊಂಡು, ಪಂಪಿನ ಪಕ್ಕದಿಂದ ಹೊರಡುವಾಗ ಪಂಪಿನಿಂದಾಚೆ ಕಡೆಗೆ ಗಕ್ಕನೆ ತಿರುಗಿಸಿದರೆ ಆ ಬಾಲ ನೇರ ಕಂಬಕ್ಕೆ. ಮೊದಲು ಒಂದು ಗಾಡಿಯಷ್ಟು ದೂರ ನೆಟ್ಟಗೆ ಹೋಗಿ, ಆಮೇಲೆ ತಿರುಗಿಸಬೇಕು. ಇದನ್ನು ಹೇಳಿ ಕಲಿಸುವುದಕ್ಕಿಂತ ಖಾಲಿ ಮೈದಾನದಲ್ಲಿ ಎರಡು ಡಬ್ಬ ಇಟ್ಟು ತಿರುಗಿಸಿ ನೋಡುವುದು ಒಳ್ಳೆಯದು. ಗಂಡ ಹಾಗೇ ಮಾಡಿದರು. ಮೊದಲ ಸುತ್ತಿನಲ್ಲೇ ಡಬ್ಬ ಬಿತ್ತು.

ಅಜ್ಜನ ಯಂತ್ರ ಮತ್ತು ಒಂದು ರಾತ್ರಿಯ ಬ್ಯಾಟರಿ

ಅಜ್ಜನಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದೆ. ರಾತ್ರಿಯಿಡೀ ಸಿಪ್ಯಾಪ್ ಯಂತ್ರ, ಅಂದರೆ ಕೊಳವೆಯಿಂದ ಒತ್ತಡದಲ್ಲಿ ಗಾಳಿ ಊದುವ ಯಂತ್ರ, ಹಾಕಿಕೊಂಡು ಮಲಗುತ್ತಾರೆ. ಈ ವಿಷಯ ಬುಕಿಂಗ್ ಮಾಡುವಾಗ ಯಾರಿಗೂ ಹೊಳೆದಿರಲಿಲ್ಲ. ಗಾಡಿಯಲ್ಲಿ ಪ್ಲಗ್ ಪಾಯಿಂಟ್ ಇದೆಯಲ್ಲ ಅಂತ ಸುಮ್ನೆ ಬಿಟ್ಟಿದ್ದರು.

ಆ ಪ್ಲಗ್ ಪಾಯಿಂಟುಗಳಿಗೆ ಕರೆಂಟ್ ಬರುವುದು ಗಾಡಿಯನ್ನು ಕ್ಯಾಂಪ್‌ಗ್ರೌಂಡಿನ ಕಂಬಕ್ಕೆ ಸಿಕ್ಕಿಸಿದಾಗ ಅಥವಾ ಜನರೇಟರ್ ಓಡುವಾಗ. ಇನ್ವರ್ಟರ್ ಇಲ್ಲದ ಬಾಡಿಗೆ ಗಾಡಿಗಳೇ ಜಾಸ್ತಿ. ಅಂಥದರಲ್ಲಿ ಬ್ಯಾಟರಿ ತುಂಬಿದ್ದರೂ ಗೋಡೆಯ ಪ್ಲಗ್ ಸತ್ತಿರುತ್ತದೆ. ಬ್ಯಾಟರಿಯಿಂದ ನಡೆಯುವುದು 12 ವೋಲ್ಟಿನ ಸಾಮಾನು ಮಾತ್ರ: ದೀಪ, ನೀರಿನ ಪಂಪ್, ಹೀಟರಿನ ಫ್ಯಾನ್, ಗ್ಯಾಸ್ ಸೋರಿದರೆ ಕೂಗುವ ಅಲಾರಂ.

ಸಿಪ್ಯಾಪ್ ಯಂತ್ರಕ್ಕೆ 12 ವೋಲ್ಟಿನ ಅಡಾಪ್ಟರ್ ಸಿಗುತ್ತದೆ. ಹಾಗಾದರೆ ಒಂದು ರಾತ್ರಿ ತಳ್ಳಬಹುದಾ ಅಂತ ಲೆಕ್ಕ ಹಾಕಿದೆವು. ಗಾಡಿಯಲ್ಲಿದ್ದದ್ದು 100 ಆಂಪಿಯರ್-ಅವರ್‌ನ ಒಂದು ಸೀಸದ ಬ್ಯಾಟರಿ. ಅದನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು. ಅಂದರೆ ಕೈಗೆ ಸಿಗುವುದು ಸುಮಾರು 600 ವ್ಯಾಟ್-ಅವರ್. ಗಾಳಿಗೆ ತೇವ ಸೇರಿಸುವ ಯಂತ್ರದ ಹೀಟರ್ ಬಂದ್ ಮಾಡಿ ಓಡಿಸಿದರೆ 40 ವ್ಯಾಟ್ ಅಂತಿಟ್ಟುಕೊಳ್ಳಿ, ಎಂಟು ಗಂಟೆಗೆ 320. ಬೇಸಿಗೆಯಲ್ಲೂ ಆ ಬೆಟ್ಟದಲ್ಲಿ ರಾತ್ರಿ ಚಳಿ. ಗಾಡಿಯ ಹೀಟರ್ ಗ್ಯಾಸಿನಲ್ಲಿ ಉರಿಯುತ್ತದೆ, ಆದರೆ ಬಿಸಿ ಗಾಳಿ ತಳ್ಳುವ ಫ್ಯಾನಿಗೆ 90 ವ್ಯಾಟ್ ಹತ್ತಿರ ಬೇಕು. ಅದು ಬಿಟ್ಟು ಬಿಟ್ಟು ಓಡಿ, ಒಟ್ಟು ಮೂರು ಗಂಟೆಯಷ್ಟು ಓಡಿದರೂ 270. ಅಲ್ಲಿಗೆ 590 ಆಯ್ತು. ದೀಪ ಹಚ್ಚಿಲ್ಲ, ಪಂಪ್ ಓಡಿಸಿಲ್ಲ, ಫೋನ್ ಚಾರ್ಜ್ ಮಾಡಿಲ್ಲ.

ಜನರೇಟರ್ ಇದೆಯಲ್ಲ ಅಂತ ಹೆಂಡತಿ ಕೇಳಿದರು. ರಾತ್ರಿ ಹೊತ್ತು ಕ್ಯಾಂಪ್‌ಗ್ರೌಂಡುಗಳಲ್ಲಿ ಅದನ್ನು ಓಡಿಸಲು ಬಿಡುವುದಿಲ್ಲ. ಬಿಟ್ಟರೂ, ಅದನ್ನು ಓಡಿಸಿಕೊಂಡು ಮಲಗುವುದು ಅಪಾಯ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಆದ್ದರಿಂದ ಅಜ್ಜ ಗಾಡಿಯಲ್ಲಿ ಮಲಗುವ ಪ್ರತಿ ರಾತ್ರಿಯೂ ಕಂಬದ ಕರೆಂಟ್ ಇರುವ ಜಾಗವೇ ಬೇಕು ಅಂತ ತೀರ್ಮಾನ ಆಯ್ತು. ಗ್ಲೇಸಿಯರ್ ಉದ್ಯಾನದ ಒಳಗಿನ ಕ್ಯಾಂಪ್‌ಗ್ರೌಂಡುಗಳಲ್ಲಿ ಆ ಸೌಲಭ್ಯ ಇಲ್ಲ. ಹಾಗಾಗಿ ಉದ್ಯಾನದ ಹೊರಗೆ, ಗೇಟಿಗೆ ಹತ್ತಿರದ ಖಾಸಗಿ ಕ್ಯಾಂಪ್‌ಗ್ರೌಂಡ್ ಹುಡುಕಿದರು. ಪೈನ್ ಮರದ ಕೆಳಗೆ ಕೆರೆಯ ಪಕ್ಕ ಮಲಗುವ ಕನಸು ಹೋಯಿತು. ಗಂಡನಿಗೆ ಬೇಜಾರಾಯಿತು, ಅಜ್ಜನಿಗೆ ಇನ್ನೂ ಜಾಸ್ತಿ. "ನನ್ನೊಬ್ಬನಿಗೋಸ್ಕರ ಯಾಕಪ್ಪ ಇದೆಲ್ಲ" ಅಂದರಂತೆ. ಅಜ್ಜಿ ಬೈದು ಸುಮ್ಮನಾಗಿಸಿದರು.

ಕಂಬ ಇದ್ದರೂ ಬೇಕಾದ್ದೆಲ್ಲ ಒಟ್ಟಿಗೆ ಹಾಕುವಂತಿಲ್ಲ. ಈ ಗಾಡಿಗೆ ಕಂಬದಿಂದ ಸಿಗುವುದು 30 ಆಂಪ್, 120 ವೋಲ್ಟ್, ಅಂದರೆ 3,600 ವ್ಯಾಟ್. ಮೇಲಿನ ಏಸಿಗೆ 1,400 ಹತ್ತಿರ, ಮೈಕ್ರೋವೇವ್‌ಗೆ ಸಾವಿರದ ಮೇಲೆ, ಕೂದಲು ಒಣಗಿಸುವ ಡ್ರೈಯರ್‌ಗೆ 1,500. ಮೂರೂ ಒಂದೇ ಸಲ ಹಾಕಿದರೆ ಟ್ರಿಪ್ ಆಗುತ್ತದೆ. ಯುರೋಪಿನ ಕೆಲವು ಕಡೆ ಕಂಬದಲ್ಲಿ ಸಿಗುವುದು 230 ವೋಲ್ಟಿನ 6 ಆಂಪ್, ಅಂದರೆ 1,380 ವ್ಯಾಟ್. ಅಲ್ಲಿ ಒಂದು ಕೆಟಲ್ ಹಾಕುವಾಗಲೂ ಯೋಚಿಸಬೇಕು.

ಬಂದ ನೀರು ಹೋಗಲೂ ಬೇಕು

ನೀರಿನ ವಿಷಯದಲ್ಲಿ ಎಲ್ಲರೂ ಕೇಳುವುದು ಒಳ್ಳೆ ನೀರಿನ ಟ್ಯಾಂಕ್ ಎಷ್ಟು ದೊಡ್ಡದು ಅಂತ. ತುಂಬುವುದು ಮಾತ್ರ ಹೊಲಸು ನೀರಿನ ಟ್ಯಾಂಕ್.

ಇಂಥ ಗಾಡಿಯಲ್ಲಿ ಮೂರು ಟ್ಯಾಂಕ್. ಒಳ್ಳೆ ನೀರಿನದು, ಇವರದರಲ್ಲಿ 150 ಲೀಟರ್. ಸಿಂಕ್ ಮತ್ತು ಶವರಿನ ನೀರು ಸೇರುವ ಗ್ರೇ ಟ್ಯಾಂಕ್, 120 ಲೀಟರ್. ಟಾಯ್ಲೆಟ್ಟಿನ ಬ್ಲ್ಯಾಕ್ ಟ್ಯಾಂಕ್, ಅದಕ್ಕಿಂತ ಸ್ವಲ್ಪ ಚಿಕ್ಕದು. ನಿಮಿಷಕ್ಕೆ 7 ಲೀಟರಿನ ಶವರಿನಲ್ಲಿ ಒಬ್ಬರು ಐದು ನಿಮಿಷ ನಿಂತರೆ 35 ಲೀಟರ್. ಆರು ಜನಕ್ಕೆ 210. ನಾಲ್ಕನೆಯವರು ಸೋಪು ಹಚ್ಚಿಕೊಂಡಿರುವಾಗಲೇ ಗ್ರೇ ಟ್ಯಾಂಕ್ ತುಂಬಿ ನೀರು ಶವರಿನ ತಳದಿಂದ ಮೇಲಕ್ಕೆ ಬರುತ್ತದೆ. ಬಿಸಿನೀರಿನ ಬಾಯ್ಲರ್ ಹಿಡಿಯುವುದು 23 ಲೀಟರ್. ಅದು ಮುಗಿಯುವುದು ಇನ್ನೂ ಬೇಗ. ಸ್ನಾನಕ್ಕೆ ಕ್ಯಾಂಪ್‌ಗ್ರೌಂಡಿನ ಸ್ನಾನದ ಮನೆ, ಗಾಡಿಯದು ಅವಸರಕ್ಕೆ ಮಾತ್ರ ಅಂತ ಮೊದಲೇ ಮಾತಾಡಿಕೊಂಡರು.

ಟ್ಯಾಂಕ್ ಖಾಲಿ ಮಾಡುವುದು ಯಾರ ಕೆಲಸ? ಈ ಪ್ರಶ್ನೆಗೆ ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಬಾಯಿ ಬಿಡಲಿಲ್ಲವಂತೆ. ಕೆಲಸ ಅಷ್ಟೇನೂ ಕೆಟ್ಟದ್ದಲ್ಲ. ಗ್ಲೌಸ್ ಹಾಕಿ, ಪೈಪ್ ಸಿಕ್ಕಿಸಿ, ಮೊದಲು ಬ್ಲ್ಯಾಕ್ ಟ್ಯಾಂಕಿನ ವಾಲ್ವ್ ತೆರೆಯುವುದು, ಅದು ಮುಗಿದ ಮೇಲೆ ಗ್ರೇ. ಹಿಂದೆ ಬರುವ ಸೋಪಿನ ನೀರು ಪೈಪನ್ನು ತೊಳೆಯುತ್ತದೆ. ಕಂಬ, ನೀರು, ಚರಂಡಿ ಎಲ್ಲ ಇರುವ ಜಾಗದಲ್ಲಿ ನಿಂತಾಗ ಬ್ಲ್ಯಾಕ್ ವಾಲ್ವನ್ನು ಸದಾ ತೆರೆದಿಡುವವರಿದ್ದಾರೆ. ಹಾಗೆ ಮಾಡಿದರೆ ನೀರು ಹರಿದು ಹೋಗಿ ಗಟ್ಟಿ ಒಳಗೇ ಕೂರುತ್ತದೆ. ಮುಚ್ಚಿಟ್ಟು, ಮುಕ್ಕಾಲು ತುಂಬಿದ ಮೇಲೆ ಒಂದೇ ಸಲ ಬಿಡಬೇಕು. ಕುಡಿಯುವ ನೀರಿನ ಪೈಪು ಬೇರೆ, ತೊಳೆಯುವ ಪೈಪು ಬೇರೆ. ಎರಡನ್ನೂ ಒಂದೇ ಡಬ್ಬಿಯಲ್ಲಿ ಇಟ್ಟುಕೊಡುವವರ ಹತ್ತಿರ ಗಾಡಿ ತಗೊಳ್ಳಲು ನನಗಂತೂ ಮನಸ್ಸು ಬರುವುದಿಲ್ಲ.

ನೀರಿಗೆ ತೂಕವೂ ಇದೆ, ಲೀಟರಿಗೆ ಒಂದು ಕಿಲೋ. ಬಾಗಿಲ ಹತ್ತಿರ ಒಂದು ಸ್ಟಿಕ್ಕರ್ ಇರುತ್ತದೆ, ಜನ ಮತ್ತು ಸಾಮಾನು ಸೇರಿ ಎಷ್ಟು ಕಿಲೋ ಹೇರಬಹುದು ಅಂತ. ನೀರು ಕೂಡ ಆ ಲೆಕ್ಕದೊಳಗೇ. ಗಾಡಿ ಉದ್ದವಿದ್ದಷ್ಟೂ ಜಾಸ್ತಿ ಹೇರಬಹುದು ಅಂತಿಲ್ಲ. ಚಾಸಿ ಅದೇ, ಮೇಲಿನ ಮನೆ ದೊಡ್ಡದಾದಷ್ಟೂ ಹೇರಲು ಉಳಿಯುವುದು ಕಮ್ಮಿ.

ಮೂಗಿಗಿಂತ ಮೂಗುತಿ ಭಾರ

ದಿನದ ಬಾಡಿಗೆ ನೋಡಿ ಅಗ್ಗ ಅನ್ನಿಸಿತ್ತು. ಬಿಲ್ಲನ್ನು ಬಿಡಿಸಿದಾಗ, ಬಾಡಿಗೆ ಅಂತ ಕಂಡ ಮೊತ್ತ ಒಟ್ಟು ಖರ್ಚಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ ಆಗಿತ್ತು. ಸಿದ್ಧಪಡಿಸುವ ಶುಲ್ಕ, ಹಾಸಿಗೆ ಬಟ್ಟೆಯ ಕಿಟ್, ಪಾತ್ರೆಯ ಕಿಟ್, ಎರಡನೆಯ ಡ್ರೈವರ್, ಜನರೇಟರ್ ಗಂಟೆ ಲೆಕ್ಕ. ಪಾತ್ರೆ, ಬೆಡ್‌ಶೀಟು ಮನೆಯಿಂದ ಒಯ್ದರೆ ಎರಡು ಸಾಲು ಹೋಗುತ್ತವೆ.

ಹೋಗದೆ ಕೂರುವುದು ದೂರದ ಲೆಕ್ಕ. ದಿನಕ್ಕೆ 100 ಮೈಲು, ಅಂದರೆ 160 ಕಿಲೋಮೀಟರ್ ಉಚಿತ. ಹತ್ತು ದಿನಕ್ಕೆ 1,600. ಇವರ ಏಳು ತಾಣದ ಯೋಜನೆ 2,250 ಕಿಲೋಮೀಟರ್. ಮಿಕ್ಕ 650ಕ್ಕೆ ಕಿಲೋಮೀಟರ್ ಲೆಕ್ಕದಲ್ಲಿ ಕಕ್ಕಬೇಕು. ಇಂಧನ ಬೇರೆ. ಈ ಗಾತ್ರದ ಪೆಟ್ರೋಲ್ ಗಾಡಿ ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಟ್ಟರೆ ಪುಣ್ಯ. 2,250ಕ್ಕೆ 550ರಿಂದ 600 ಲೀಟರ್.

ಮೈಲೇಜಿಗಿಂತ ದೊಡ್ಡ ಲೆಕ್ಕ ಹೊತ್ತಿನದು. ಆರ್‌ವಿ ಓಡಾಡುವವರ ನಡುವೆ ಒಂದು ಮೂರರ ನಿಯಮ ಇದೆ: ದಿನಕ್ಕೆ 300 ಮೈಲಿಗಿಂತ ಜಾಸ್ತಿ ಬೇಡ, ಮಧ್ಯಾಹ್ನ 3ರೊಳಗೆ ತಲುಪಿ, ಒಂದು ಕಡೆ 3 ರಾತ್ರಿ ಇರಿ. ಮೊದಲ ಸಲದವರಿಗೆ 300 ಮೈಲು ಕೂಡ ಜಾಸ್ತಿಯೇ ಅಂತ ನನ್ನ ಅಭಿಪ್ರಾಯ. ಪ್ರತಿ ಸಲ ಜಾಗ ಬಿಡುವಾಗ ಕೇಬಲ್ ಸುತ್ತಬೇಕು, ಟ್ಯಾಂಕ್ ಖಾಲಿ ಮಾಡಬೇಕು, ಮೆಟ್ಟಿಲು ಮಡಿಸಬೇಕು, ಒಳಗೆ ಎಲ್ಲ ಭದ್ರ ಮಾಡಬೇಕು. ತಲುಪಿದ ಮೇಲೆ ಮತ್ತೆ ಎಲ್ಲ ಬಿಚ್ಚಬೇಕು. ಏಳು ತಾಣ ಅಂದರೆ ಏಳು ಸಲ ಈ ಸಂಸಾರ. ಅಜ್ಜಿ ಹಾಳೆ ನೋಡಿ, "ಇದು ರಜೆನೋ, ಮನೆ ಬದಲಾಯಿಸೋದೋ?" ಅಂದರಂತೆ. ಏಳು ತಾಣ ಮೂರಾಯಿತು.

ಇನ್ಶೂರೆನ್ಸ್ ಬಗ್ಗೆ ನಾನು ಸ್ವಲ್ಪ ಜೋರಾಗಿಯೇ ಹೇಳಿದೆ. ಕಾರಿನ ಪಾಲಿಸಿ, ಕ್ರೆಡಿಟ್ ಕಾರ್ಡಿನ ಬಾಡಿಗೆ ರಕ್ಷಣೆ ಇವೆರಡನ್ನು ನಂಬಿ ಗಂಡ ಎಲ್ಲದಕ್ಕೂ ಬೇಡ ಅಂತ ಗುರುತು ಹಾಕಿದ್ದರು. ಕಾರ್ಡಿನ ರಕ್ಷಣೆಯಲ್ಲಿ ಆರ್‌ವಿ, ಲಾರಿಗಳನ್ನು ಹೊರಗಿಡುವುದು ಮಾಮೂಲು. ಕಾರಿನ ಪಾಲಿಸಿಯೂ ಇಷ್ಟು ದೊಡ್ಡ ಬಾಡಿಗೆ ಗಾಡಿಗೆ ಅನ್ವಯಿಸುತ್ತೆ ಅಂತ ಹೇಳಲಾಗದು. ಎರಡೂ ಕಡೆ ಫೋನಿನಲ್ಲಿ ಕೇಳಿದ್ದು ಸಾಲದು, ಬರಹದಲ್ಲಿ ತರಿಸಿಕೊಳ್ಳಿ ಅಂದೆ. ಬಂದ ಉತ್ತರ ಎರಡೂ ಕಡೆಯಿಂದ ಇಲ್ಲ ಅಂತಲೇ. ಕೊನೆಗೆ ಬಾಡಿಗೆಯವರ ಪ್ಯಾಕೇಜನ್ನೇ ತಗೊಂಡರು. ಅದರಲ್ಲೂ ಚಾವಣಿ, ಗಾಡಿಯ ಅಡಿಭಾಗ, ಬಿಸಿಲಿಗೆ ಬಿಚ್ಚುವ ಆನಿಂಗ್, ಒಳಗಿನ ಹಾನಿ ಸೇರಿರಲಿಲ್ಲ. ಸೇತುವೆಗೆ ತಾಗಿದರೆ ಹೋಗುವುದು ಚಾವಣಿ. ಗಾಳಿಗೆ ಮುರಿಯುವುದು ಆನಿಂಗ್. ಯಾವುದು ಹೆಚ್ಚು ಕೆಡುತ್ತದೋ ಅದನ್ನೇ ಹೊರಗಿಟ್ಟಿರುತ್ತಾರೆ. ರಾತ್ರಿ ಮಲಗುವಾಗ, ಹೊರಗೆ ಹೋಗುವಾಗ ಆನಿಂಗ್ ಸುತ್ತಿಡುವುದು ಇದಕ್ಕೆ ಪುಕ್ಕಟೆ ಇನ್ಶೂರೆನ್ಸ್.

ಕೊನೆಗೆ ಏನು ಮಾಡಿದರು

31 ಅಡಿಯ ಗಾಡಿ ಬಿಟ್ಟು, 25 ಅಡಿಯ ಒಂದು ಗಾಡಿ ಮತ್ತು ಒಂದು ಸಾಮಾನ್ಯ ಕಾರು ತಗೊಂಡರು. ಗಂಡ ಮತ್ತು ಮಗಳು ಆರ್‌ವಿಯಲ್ಲಿ, ಇಬ್ಬರಿಗೂ ಭುಜದ ಬೆಲ್ಟ್. ಹೆಂಡತಿ, ಬೂಸ್ಟರ್ ಸೀಟಿನ ಮಗ, ಅಜ್ಜ-ಅಜ್ಜಿ ಕಾರಿನಲ್ಲಿ. ಎರಡರ ಬಾಡಿಗೆ ಸೇರಿಸಿದರೆ ಮೊದಲಿನದಕ್ಕಿಂತ ಜಾಸ್ತಿಯೇ ಆಯಿತು. ಆದರೆ ಮೂರು ತಾಣಕ್ಕೆ ಇಳಿದಿದ್ದರಿಂದ ಆರ್‌ವಿ ಓಡಿದ್ದು 1,450 ಕಿಲೋಮೀಟರ್ ಮಾತ್ರ. ದೂರದ ದಂಡ ಇಲ್ಲ, 200 ಲೀಟರಿನಷ್ಟು ಇಂಧನವೂ ಉಳಿಯಿತು. ಅಲ್ಲಿಂದಿಲ್ಲಿಗೆ ಖರ್ಚು ಹೆಚ್ಚು ಕಮ್ಮಿ ಸರಿ ಹೋಯಿತು. ಹಾಲು ತರಲು ಹೋಗುವಾಗ ಮನೆಯನ್ನೇ ಕಟ್ಟಿಕೊಂಡು ಹೊರಡುವ ಕಷ್ಟವೂ ತಪ್ಪಿತು.

ಚಿಕ್ಕ ಗಾಡಿಯಲ್ಲಿ ಒಂದು ತೊಡಕು ಬಂತು. ಬಾಡಿಗೆಯವರ ಯಾರ್ಡಿಗೆ ಹೋಗಿ ಅಜ್ಜಿಯನ್ನು ಹಿಂದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದಾಗ, ಅದು ಮೂಲೆಗೆ ಒತ್ತಿಕೊಂಡ ಹಾಸಿಗೆ ಅಂತ ಗೊತ್ತಾಯಿತು. ಗೋಡೆ ಪಕ್ಕದವರು ರಾತ್ರಿ ಏಳಬೇಕಾದರೆ ಇನ್ನೊಬ್ಬರನ್ನು ದಾಟಬೇಕು. ಅಜ್ಜನ ಮುಖಕ್ಕೆ ಯಂತ್ರದ ಕೊಳವೆ ಬೇರೆ. ಅದೇ ಉದ್ದದಲ್ಲಿ ಎರಡೂ ಕಡೆಯಿಂದ ಇಳಿಯಬಹುದಾದ ಹಾಸಿಗೆಯ ಗಾಡಿಯೂ ಇತ್ತು. ಆದರೆ ಕರಾರಿನಲ್ಲಿ "ಈ ಗಾಡಿ ಅಥವಾ ಇದರಂಥದ್ದು" ಅಂತ ಬರೆದಿದ್ದರು. ಉದ್ದ ಮಾತ್ರ ಖಾತ್ರಿ, ಒಳಗಿನ ಜೋಡಣೆ ಅಲ್ಲ. ಹಾಸಿಗೆಯ ಮಾದರಿಯನ್ನು ಕರಾರಿನಲ್ಲಿ ಸೇರಿಸಿ ಸಹಿ ಹಾಕಿಸಿಕೊಂಡ ಮೇಲೆಯೇ ಮುಂಗಡ ಕಟ್ಟಿದರು.

ಗಾಡಿ ಕೈಗೆ ತಗೊಳ್ಳುವ ದಿನ ಬಾಡಿಗೆಯವರು ಅರ್ಧ ಗಂಟೆಯಲ್ಲಿ ಎಲ್ಲ ತೋರಿಸಿ ಕೀಲಿ ಕೊಡಲು ನೋಡಿದರು. ಇವರು ಬಿಡಲಿಲ್ಲ. ಹೆಂಡತಿ ಫೋನಿನಲ್ಲಿ ವೀಡಿಯೋ ಮಾಡುತ್ತಾ ಹೋದರು: ನಾಲ್ಕೂ ಬದಿ, ಏಣಿ ಹತ್ತಿ ಚಾವಣಿ, ಬಗ್ಗಿ ಅಡಿಭಾಗ, ಗಾಜಿನ ಮೇಲಿನ ಚುಕ್ಕಿಗಳು, ಇಂಧನದ ಮುಳ್ಳು, ಓಡಿದ ದೂರ. ಟೈರಿನ ಬದಿಯಲ್ಲಿ DOT ಅಂತ ಶುರುವಾಗುವ ತಯಾರಿಕೆಯ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿದರು. 2319 ಅಂತಿದ್ದರೆ 2019ರ 23ನೆಯ ವಾರ ತಯಾರಾದದ್ದು. ಈ ಗಾಡಿಗಳು ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ, ಹಾಗಾಗಿ ಮೇಲ್ಮೈ ಹೊಸದಾಗಿ ಕಂಡರೂ ರಬ್ಬರ್ ಒಣಗಿರುತ್ತದೆ. ಇವರ ಗಾಡಿಯ ಐದು ಟೈರು ಚೆನ್ನಾಗಿದ್ದವು. ಹಿಂದಿನ ಜೋಡಿ ಚಕ್ರದ ಒಳಗಿನ ಒಂದು ಟೈರು ಉಳಿದವಕ್ಕಿಂತ ಆರು ವರ್ಷ ಹಳೆಯದು. ಕೇಳಿದ ಮೇಲೆ ಬದಲಾಯಿಸಿ ಕೊಟ್ಟರು. ಫ್ರಿಜ್ ಒಳಗೆ ಕೈ ಇಟ್ಟು ತಂಪಾಗಿದೆಯಾ ನೋಡಿದರು. ಒಲೆ ಹಚ್ಚಿದರು, ಪಂಪ್ ಹಾಕಿ ನಲ್ಲಿ ಬಿಟ್ಟರು, ಕಾರ್ಬನ್ ಮೊನಾಕ್ಸೈಡ್ ಅಲಾರಮಿನ ಗುಂಡಿ ಒತ್ತಿ ಕೂಗಿಸಿದರು. ಎರಡು ಗಂಟೆ ಹಿಡಿಯಿತು.

ಗೋಯಿಂಗ್-ಟು-ದ-ಸನ್ ರಸ್ತೆಯಲ್ಲಿ ನಾಲ್ವರು ಕಾರಿನಲ್ಲಿ ಹೋದರು. ಅಜ್ಜ-ಅಜ್ಜಿ ಹೋಗಿದ್ದು ಉದ್ಯಾನದ ಕೆಂಪು ಬಸ್ಸಿನಲ್ಲಿ. 1930ರ ದಶಕದಲ್ಲಿ ಕಟ್ಟಿದ, ಚಾವಣಿಯ ಬಟ್ಟೆಯನ್ನು ಹಿಂದಕ್ಕೆ ಸುರುಳಿ ಸುತ್ತುವ ಬಸ್ಸುಗಳು ಅವು. ಆ ದಿನ ಆರ್‌ವಿ ಕ್ಯಾಂಪ್‌ಗ್ರೌಂಡಿನಲ್ಲೇ ಇತ್ತು.

ಎಲ್ಲವೂ ಸುಸೂತ್ರ ಅಂತಲ್ಲ. ಬ್ಲ್ಯಾಕ್ ಟ್ಯಾಂಕಿನ ಸೂಚಕ ಮೊದಲ ದಿನದಿಂದಲೇ ಮುಕ್ಕಾಲು ತುಂಬಿದೆ ಅಂತ ತೋರಿಸುತ್ತಿತ್ತು. ಈ ಸೂಚಕಗಳನ್ನು ನಂಬುವವರು ಕಮ್ಮಿ, ದಿನ ಲೆಕ್ಕ ಇಟ್ಟು ಖಾಲಿ ಮಾಡಿದರು. ಒಂದು ರಾತ್ರಿ ಗಾಳಿಗೆ ಗಾಡಿ ಅಲ್ಲಾಡಿ ಮಗ ಅಜ್ಜಿಯ ಪಕ್ಕಕ್ಕೆ ಬಂದು ಮಲಗಿದ. ಹೆದ್ದಾರಿಯಲ್ಲಿ ಅಡ್ಡಗಾಳಿ ಬಂದಾಗ ಗಂಡ ವೇಗ ಇಳಿಸಿ ಬಲಗಡೆ ಲೇನಿನಲ್ಲೇ ಹೋಗಬೇಕಾಯಿತು. ಅವತ್ತು ತಲುಪಿದ್ದು ಸಂಜೆ ಆರಕ್ಕೆ.

ವಾಪಸ್ ಕೊಡುವಾಗ ಹಿಂಬದಿಯ ಬಲಮೂಲೆಯಲ್ಲಿ ಒಂದು ಗೀರು ತೋರಿಸಿ ಡೆಪಾಸಿಟ್ಟಿನಿಂದ ಹಿಡಿಯುತ್ತೇವೆ ಅಂದರು. ಮೊದಲ ದಿನದ ವೀಡಿಯೋದಲ್ಲಿ ಅದೇ ಗೀರು ಇತ್ತು, ತೋರಿಸಿದ ಮೇಲೆ ಸುಮ್ಮನಾದರು. ಗ್ಯಾಸ್ ಸಿಲಿಂಡರ್ ತುಂಬಿಸದೆ ತಂದಿದ್ದಕ್ಕೆ ಒಂದು ಮೊತ್ತ ಕಳೆದರು. ಅದು ಕರಾರಿನ ನಾಲ್ಕನೆಯ ಪುಟದಲ್ಲಿ ಇತ್ತು, ಇವರು ಓದಿಯೂ ಇದ್ದರು. ಬರುವ ದಾರಿಯಲ್ಲಿ ಗ್ಯಾಸ್ ತುಂಬಿಸುವ ಜಾಗ ಭಾನುವಾರ ಮುಚ್ಚಿತ್ತು ಅಷ್ಟೇ.